ಅಷ್ಟು ಹೊತ್ತು ಅಲುಗಾಡದೆ ಹೇಗೆ ನಿಲ್ತಿದ್ರಿ?

ಮದುವೆ ಮನೆ ಇರಲಿ, ಗೋಣಿಕೊಪ್ಪಲು ಸಂತೆ ಇರಲಿ, ನಾನು ರಾಷ್ಟ್ರಪತಿ ಭವನದ ಗಾರ್ಡ್‌ನಲ್ಲಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. "ಹವಾಲ್ದಾರ್ರೇ, ಅಷ್ಟು ಹೊತ್ತು ಅಲುಗಾಡದೆ ಹೇಗೆ ನಿಲ್ತಿದ್ರಿ?"

ಅಲುಗಾಡುತ್ತಿದ್ದೆವು. ನಿಮಗೆ ಕಾಣುತ್ತಿರಲಿಲ್ಲ, ಅಷ್ಟೇ.

ಬೂಟಿನೊಳಗೆ ಕಾಲ್ಬೆರಳು ಮಡಚಿ ಬಿಡುತ್ತಲೇ ಇರಬೇಕು. ಮಂಡಿಯನ್ನು ಬಿಗಿಯಾಗಿ ಹಿಂದಕ್ಕೆ ತಳ್ಳಬಾರದು, ಕಣ್ಣಿಗೆ ಕಾಣದಷ್ಟು ಸಡಿಲ ಬಿಡಬೇಕು. ಮೈ ಭಾರ ಸ್ವಲ್ಪ ಮುಂಗಾಲಿನ ಮೇಲಿರಬೇಕು. ಯಾಕೆ ಅಂದರೆ, ಸುಮ್ನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದುಬಿಡುತ್ತದೆ. ಮೀನಖಂಡ ಬಿಗಿದು ಬಿಟ್ಟಾಗ ಅದು ಮೇಲಕ್ಕೆ ಹತ್ತುತ್ತದೆ. ಹತ್ತದಿದ್ದರೆ ಮೊದಲು ಆಕಳಿಕೆ, ಆಮೇಲೆ ತಣ್ಣನೆ ಬೆವರು, ಕಣ್ಣು ಕತ್ತಲೆ, ಕೊನೆಗೆ ನೆಲ. ಪಕ್ಕದವನು ಬಿದ್ದರೂ ನಾವು ತಿರುಗಿ ನೋಡುವಂತಿಲ್ಲ. ಹಿಂದಿನಿಂದ ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬಂದವನೇ ಜಾಸ್ತಿ ಬೀಳುವುದು. ಅದಕ್ಕೇ ನಮಗೆ ಡ್ರಿಲ್ ಕಲಿಸುವ ಉಸ್ತಾದ್ ಬೂಟಿನ ಪಾಲಿಶ್ ನೋಡುವ ಮುಂಚೆ "ತಿಂದೆಯಾ?" ಅಂತ ಕೇಳುತ್ತಿದ್ದರು.

ನೊಣ ಕೂತರೆ? ಕೂರಲಿ. ತೀರಾ ಮೂಗಿನ ಮೇಲೇ ಕೂತರೆ ತುಟಿ ಸ್ವಲ್ಪ ತೆರೆದು ಮೆಲ್ಲಗೆ ಊದುತ್ತಿದ್ದೆವು.

ಅಂದಹಾಗೆ, ಟಿವಿಯಲ್ಲಿ ಕುದುರೆ ಮೇಲೆ ಕಾಣುವವರು ನಾವಲ್ಲ. ಅದು ರಾಷ್ಟ್ರಪತಿಗಳ ಅಂಗರಕ್ಷಕ ಪಡೆ, 1773ರಲ್ಲಿ ಶುರುವಾದದ್ದು. ನಾವು ಇನ್‌ಫೆಂಟ್ರಿಯವರು, ಅಂದರೆ ಕಾಲ್ದಳ. ಬೆಟಾಲಿಯನ್‌ಗಳು ಸರದಿ ಮೇಲೆ ಅಲ್ಲಿಗೆ ಬರುತ್ತವೆ, ಅವಧಿ ಮುಗಿದರೆ ಬೇರೆ ಕಡೆ ಹೋಗುತ್ತವೆ. ಬೇರೆ ದೇಶದ ಅಧ್ಯಕ್ಷರು ಬಂದಾಗ 21 ತೋಪು ಹಾರಿಸುತ್ತಾರೆ. ಬ್ಯಾಂಡಿನವರು ಅವರ ರಾಷ್ಟ್ರಗೀತೆಯನ್ನೂ ನಮ್ಮದನ್ನೂ ನುಡಿಸುತ್ತಾರೆ. ನಮ್ಮದು 52 ಸೆಕೆಂಡು. ಕೆಲವು ದೇಶದ್ದು ಮುಗಿಯುವುದೇ ಇಲ್ಲ ಮಾರಾಯ್ರೆ! ಅಷ್ಟೂ ಹೊತ್ತು 'ಸಲಾಮಿ ಶಸ್ತ್ರ', ಅಂದರೆ ಬಂದೂಕು ಹಿಡಿದು ಮಾಡುವ ವಂದನೆ. ನಾಲ್ಕು ಕಿಲೋಗಿಂತ ಜಾಸ್ತಿ ತೂಗುವ ರೈಫಲ್ ಎದೆ ಮುಂದೆ ನೆಟ್ಟಗೆ. ಮಣಿಕಟ್ಟು ಒಂಚೂರು ನಡುಗಿದರೂ ನಳಿಗೆಯ ತುದಿ ಅದನ್ನು ಎಲ್ಲರಿಗೂ ತೋರಿಸಿಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವರು, "ಅಂದ್ರೆ ಬರೀ ನಿಲ್ಲೋದೇ ಕೆಲಸ ಅನ್ನಿ" ಅನ್ನುತ್ತಾರೆ. ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಮ್ಮ ಕೊಡಗಿನಲ್ಲಿ ಈ ಮಾತು ಬರುವುದು ಸಹಜ ಅಲ್ವಾ. ನಾನು ವಾದ ಮಾಡಲು ಹೋಗುವುದಿಲ್ಲ. ದೆಹಲಿಗೆ ಬರುವ ಮುಂಚೆ ಇದೇ ಕಾಲು ಗಡಿಯ ಹಿಮದಲ್ಲೂ ನಿಂತಿತ್ತು.

2022ರ ಅಗ್ನಿಪಥ ಯೋಜನೆಗೆ ಮುಂಚೆ ಸೇರಿದ ಜವಾನನಿಗೆ 15 ವರ್ಷ ಸೇವೆಯಾದರೆ ಪಿಂಚಣಿ ಇದೆ. ನಮ್ಮಲ್ಲಿ ಎಷ್ಟೋ ಜನ ನಲವತ್ತು ತುಂಬುವ ಮೊದಲೇ ಮನೆಗೆ ಬರುತ್ತಾರೆ. ನಾನೂ ಹಾಗೇ ಬಂದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಸಂಬಳ ಪರವಾಗಿಲ್ಲ. ಆದರೆ ಒಳಗೆ ಬರುವ ಪ್ರತಿ ಕಾರಿಗೂ ಸಲ್ಯೂಟ್ ಹೊಡೆಯಬೇಕಿತ್ತು. ಕಪ್ಪು ಗಾಜು, ಒಳಗೆ ಯಾರಿದ್ದಾರೋ, ಫೋನ್ ನೋಡುತ್ತಿದ್ದಾರೋ. ನನ್ನಿಂದ ಆಗಲಿಲ್ಲ. ಜಂಬ ಅಂದರೆ ಜಂಬವೇ. ವಾಪಸ್ ಬಂದು ಅಪ್ಪನ ಕಾಫಿ ತೋಟ ನೋಡಿಕೊಂಡೆ.

ತೋಟದಲ್ಲಿ ನಿಲ್ಲುವ ವಿದ್ಯೆಯಿಂದ ಏನೂ ಉಪಯೋಗವಿಲ್ಲ. "ಆನೆ ಬಂದ್ರೂ ಹಾಗೇ ನಿಲ್ತೀರಾ ಅಣ್ಣಾ?" ಅಂತ ಕೊಯ್ಲಿಗೆ ಬರುವ ಹೆಂಗಸರು ರೇಗಿಸುತ್ತಾರೆ. ಇಲ್ಲಮ್ಮಾ, ನಿಮಗಿಂತ ಮುಂಚೆ ಓಡ್ತೀನಿ. ಓಡಲು ಮಂಡಿ ಬಿಟ್ಟರೆ! ವರ್ಷಗಟ್ಟಲೆ ಗಟ್ಟಿ ನೆಲಕ್ಕೆ ಹಿಮ್ಮಡಿ ಕುಟ್ಟಿದ್ದರ ಲೆಕ್ಕ ಈಗ ಇಳಿಜಾರು ಇಳಿಯುವಾಗ ಬರುತ್ತಿದೆ.

ಆಗಸ್ಟ್ ಬಂದರೆ ಊರಿನ ಶಾಲೆಯವರು ಮಕ್ಕಳಿಗೆ ಪರೇಡ್ ಕಲಿಸಲು ಕರೆಯುತ್ತಾರೆ. ನಮ್ಮಲ್ಲಿ ಆಗ ಬಿಸಿಲೆಲ್ಲಿ, ಬರೀ ಮಳೆ. ಆದರೂ ಭಾಷಣ ಉದ್ದವಾದರೆ ಒಬ್ಬಿಬ್ಬರು ಬೀಳುತ್ತಾರೆ. ಅದಕ್ಕೆ ಕಾಲ್ಬೆರಳು ಮಡಚುವುದನ್ನೇ ಮೊದಲು ಹೇಳಿಕೊಡುತ್ತೇನೆ. ಕಣ್ಣು ಕತ್ತಲೆ ಬಂದರೆ ಕೂತುಬಿಡಿ, ಯಾರೂ ಬೈಯಲ್ಲ ಅಂತಲೂ ಹೇಳುತ್ತೇನೆ. ಭಾಷಣ ಚಿಕ್ಕದಾಗಿರಲಿ ಅಂತ ಅತಿಥಿಗಳಿಗೂ ಹೇಳಿ ನೋಡಿದೆ. ಅದು ಮಾತ್ರ ಇನ್ನೂ ನಡೆದಿಲ್ಲ.