ಒಂದು ಹೊತ್ತಿಗೆ ಒಂದೇ ಕೆಲಸ

ವರದಿ ಬರೆಯುವಾಗ ನಡುವೆ ವಾಟ್ಸಾಪ್ ನೋಡಿ ಬಂದರೆ ಮನಸ್ಸಿನ ಒಂದು ಪಾಲು ಆ ಮೆಸೇಜಿನಲ್ಲೇ ಉಳಿದಿರುತ್ತದೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ ಎಂಬವರು 1980ರ ದಶಕದ ಕೊನೆಯಲ್ಲಿ ರೂಪಿಸಿದ ಪೊಮೊಡೊರೊ ಕ್ರಮ ಇದಕ್ಕೆ ಒಳ್ಳೆಯ ಮದ್ದು: 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷ ವಿಶ್ರಾಂತಿ.

ಹೆಚ್ಚಿನವರು ಎಡವುವುದು ಕೆಲಸ ಆರಿಸುವಲ್ಲಿ. ‘ವರದಿ ಮುಗಿಸು’ ಎಂದು ಬರೆದುಕೊಂಡರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದೆ ಕೈ ಫೋನಿನತ್ತ ಹೋಗುತ್ತದೆ. ‘ಮಾರ್ಚ್ ತಿಂಗಳ ಖರ್ಚಿನ ಪಟ್ಟಿ ತುಂಬು’ ಎಂದು ಬರೆಯಿರಿ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ಬೇರೆ ಕೋಣೆಯಲ್ಲಿಡಿ. ನಡುವೆ ಕರೆಂಟ್ ಬಿಲ್ ನೆನಪಾದರೆ ಪಕ್ಕದ ಚೀಟಿಯಲ್ಲಿ ಗೀಚಿ ಮುಂದುವರಿಯಿರಿ. ಯಾರಾದರೂ ಕರೆದು ಏಳಲೇಬೇಕಾದರೆ, ಮುಂದೆ ಮಾಡಬೇಕಾದ್ದೇನೆಂದು ಒಂದು ಸಾಲು ಬರೆದಿಟ್ಟೇ ಏಳಿ. ಇದನ್ನಂತೂ ಖಂಡಿತ ತಪ್ಪಿಸಬೇಡಿ. ಇಲ್ಲದಿದ್ದರೆ ಬಂದ ಮೇಲೆ ಎಲ್ಲಿದ್ದೆವೆಂದು ಹುಡುಕುವುದರಲ್ಲೇ ಬಹಳ ಹೊತ್ತು ಹೋಗುತ್ತದೆ.