ಮಳೆ ಹಿಡಿದಾಗ ಕೋಳಿ ಪುಕ್ಕ ಕೀಳುವುದೇಕೆ

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಕೋಳಿಗೆ ಅಂಗಳ ತಪ್ಪಿದ ಹಾಗೆಯೇ. ಬೇಸಿಗೆಯಿಡೀ ಅಡಕೆ ತೋಟದ ದರಗು (ಉದುರಿದ ಒಣ ಎಲೆ) ಕೆದರಿಕೊಂಡು ತಿರುಗಿದ ಹತ್ತು ಕೋಳಿಗಳು ದಿನವೆಲ್ಲ ಗೂಡಿನೊಳಗೆ ಮುದುರಿ ನಿಲ್ಲುತ್ತವೆ. ಎರಡು ವಾರಕ್ಕೆ ಒಂದರ ಬಾಲದ ಬುಡ ಬೋಳಾಗಿರುತ್ತದೆ, ಆಮೇಲೆ ರಕ್ತ. ‘ಇದು ಜಗಳಗಂಟಿ’ ಎಂದು ಕುಕ್ಕುವ ಕೋಳಿಯನ್ನು ಸಾರಿಗೆ ಹಾಕಿದರೆ ವಾರದೊಳಗೆ ಮತ್ತೊಂದು ಅದೇ ಕೆಲಸ ಶುರುಮಾಡುತ್ತದೆ. ಕೆದರಿ ಕುಕ್ಕುವುದಕ್ಕೆಂದೇ ಇರುವ ಕೊಕ್ಕು ಅದು. ನೆಲ ಸಿಗದಿದ್ದರೆ ಪಕ್ಕದ ಕೋಳಿಯ ಮೈಮೇಲೆ ಕೆಲಸ ಹುಡುಕುತ್ತದೆ.

ಹಾಗೆಂದು ಬೋಳಾದದ್ದೆಲ್ಲ ಕುಕ್ಕಿದ್ದೇ ಆಗಿರುವುದಿಲ್ಲ. ಮೊದಲು ಕೋಳಿಯನ್ನು ಕೈಗೆತ್ತಿಕೊಂಡು ಪುಕ್ಕ ಎಲ್ಲಿ ಹೋಗಿದೆ ನೋಡಿ. ಬೆನ್ನು ಮತ್ತು ನೆತ್ತಿಯ ಹಿಂಭಾಗ ಬೋಳಾಗಿ ಗರಿಗಳು ಅರ್ಧಕ್ಕೆ ಮುರಿದಿದ್ದರೆ ಅದು ಹುಂಜ ಹತ್ತಿದ ಗುರುತು. ಐದಾರು ಹೇಂಟೆಗೆ ಎರಡು ಹುಂಜ ಇಟ್ಟಲ್ಲಿ ಹೀಗಾಗುತ್ತದೆ, ಒಂದನ್ನು ಬೇರೆ ಮಾಡಿದರೆ ಮುಗಿಯಿತು. ಎದೆ ಬೋಳಾದರೆ ಕಾವಿಗೆ ಕೂತಿರಬಹುದು. ತಲೆ, ಕುತ್ತಿಗೆಯಿಂದ ಶುರುವಾಗಿ ಎರಡೂ ಕಡೆ ಒಂದೇ ಸಮನೆ ಉದುರುತ್ತ ಬಂದು, ಬೆರಳಿಗೆ ಮುಳ್ಳಿನಂತೆ ಚುಚ್ಚುವ ಹೊಸ ಗರಿ ಮೊಳೆಯುತ್ತಿದ್ದರೆ ಅದು ವರ್ಷಕ್ಕೊಮ್ಮೆ ಪುಕ್ಕ ಬದಲಿಸುವ ಕಾಲ. ಆದರೆ ಆ ಮೊಳಕೆ ಗರಿಯೊಳಗೆ ರಕ್ತವಿರುತ್ತದೆ, ಒಮ್ಮೆ ಯಾವುದಾದರೂ ಕೋಳಿ ಕುಕ್ಕಿ ಕೆಂಪು ಕಂಡಿತೋ ಉಳಿದವೂ ಸೇರಿಕೊಳ್ಳುತ್ತವೆ. ಬಾಲದ ಬುಡ ಮತ್ತು ಸೊಂಟದ ಮೇಲೆ ಪುಕ್ಕ ಬುಡಸಮೇತ ಹೋಗಿದ್ದರೆ ಅದೇ ನಿಜವಾದ ಪುಕ್ಕ ಕೀಳುವ ಚಟ. ಮೊಟ್ಟೆ ಬರುವ ದ್ವಾರದ ಸುತ್ತ ಗಾಯವಾಗಿದ್ದರೆ ಅದು ಅಪಾಯ, ಒಂದೇ ಮಧ್ಯಾಹ್ನದಲ್ಲಿ ಕರುಳು ಎಳೆದು ಸಾಯಿಸಿಬಿಡುತ್ತವೆ. ಆ ಕೋಳಿಯನ್ನು ತಕ್ಷಣ ಬೇರೆ ಮಾಡಬೇಕು.

ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಪರೀಕ್ಷೆ ಮಾಡಿ. ಕೋಳಿ ಕೂರುವ ಬಿದಿರಿನ ಅಡಿಗೆ ಬಿಳಿ ಬಟ್ಟೆ ಒತ್ತಿ ಎಳೆಯಿರಿ. ಬಟ್ಟೆಯಲ್ಲಿ ಕೆಂಪು ಗೀರು ಮೂಡಿದರೆ ರಕ್ತ ಹೀರುವ ನುಸಿಯಿದೆ. ಹಗಲು ಬಿದಿರಿನ ಸಂದಿಯಲ್ಲಿ ಅಡಗಿ ರಾತ್ರಿ ಮಾತ್ರ ಮೈಗೆ ಹತ್ತುವುದರಿಂದ ಹಗಲಲ್ಲಿ ಕೋಳಿಯ ಮೈಯಲ್ಲಿ ಎಷ್ಟು ಹುಡುಕಿದರೂ ಕಾಣದು. ಬಿದಿರನ್ನು ಬಿಚ್ಚಿ ತಂದು ಕುದಿನೀರು ಸುರಿಯಿರಿ, ಒಣಗಿದ ಮೇಲೆ ಸಂದಿಗಳಿಗೆ ಸುಣ್ಣ ಬಳಿಯಿರಿ. ಉಳಿದ ನುಸಿ ಮೊಟ್ಟೆ ಒಡೆದು ಮರಿ ಹೊರಬರುವುದರಿಂದ ವಾರ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಬೇಕು.

ಈಗ ಜಾಗದ ಲೆಕ್ಕ. ಒಳಗೇ ಇರುವ ಕೋಳಿಗೆ ತಲಾ ನಾಲ್ಕು ಚದರಡಿಯಾದರೂ ಬೇಕು. ಹತ್ತಕ್ಕೆ ಎಂಟಡಿ-ಐದಡಿ ಗೂಡು. ಕೂರುವ ಕೋಲಿನಲ್ಲಿ ತಲಾ ಎಂಟು ಇಂಚು, ನಾಲ್ಕೈದು ಹೇಂಟೆಗೊಂದು ಮೊಟ್ಟೆ ಬುಟ್ಟಿ, ಅದೂ ಕತ್ತಲೆ ಮೂಲೆಯಲ್ಲಿ. ಬೆಳಕಿನಲ್ಲಿ ಮೊಟ್ಟೆಯಿಟ್ಟ ಹೇಂಟೆಯ ಹಿಂಭಾಗ ಒದ್ದೆಯಾಗಿ ಕೆಂಪಗೆ ಕಾಣುತ್ತದೆ, ದ್ವಾರ ಕುಕ್ಕುವುದು ಅಲ್ಲಿಂದಲೇ ಶುರು. ಶೀತವೆಂದು ಗೂಡಿಗೆ ದೊಡ್ಡ ಬಲ್ಬ್ ಹಾಕುವುದೂ ತಪ್ಪು. ಪ್ರಖರ ಬೆಳಕಿನಲ್ಲಿ ಕುಕ್ಕುವುದು ಹೆಚ್ಚು.

ಮುಖ್ಯವಾದದ್ದು ಕೆದರುವ ನೆಲ. ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ಬೇಸಿಗೆಯಲ್ಲೇ ಗುಡಿಸಿ ಚೀಲದಲ್ಲಿಟ್ಟ ಒಣ ದರಗು ಹರಡಿ, ಬೆಳಿಗ್ಗೆ-ಸಂಜೆ ಒಂದೊಂದು ಹಿಡಿ ಭತ್ತ ಅದರೊಳಗೆ ಎರಚಿ. ಬೂಸಲು ಹಿಡಿದ ಅಡಕೆ ಸಿಪ್ಪೆ ಮಾತ್ರ ಬೇಡ, ಅದರ ಧೂಳು ಕೋಳಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಳೆ ದಿಂಡನ್ನು ಉದ್ದಕ್ಕೆ ಸೀಳಿ ಒಳಗಿಟ್ಟರೆ ಸಂಜೆವರೆಗೂ ಕುಕ್ಕುತ್ತಿರುತ್ತವೆ. ನುಗ್ಗೆ ಸೊಪ್ಪಿನ ಕಟ್ಟನ್ನು ಕೋಳಿ ಕತ್ತೆತ್ತಿ ಎಟುಕಿಸಿಕೊಳ್ಳುವ ಎತ್ತರಕ್ಕೆ ತೂಗುಹಾಕಿ. ಸೂರಿನಡಿ, ಎರಚಲು ತಾಗದ ಮೂಲೆಯಲ್ಲಿ ಹಳೆ ಟೈರಿನೊಳಗೆ ಎರಡು ಪಾಲು ಒಣ ಮಣ್ಣು, ಒಂದು ಪಾಲು ಒಲೆ ಬೂದಿ ತುಂಬಿಡಿ, ಧೂಳು ಸ್ನಾನಕ್ಕೆ. ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ, ಆಗ ಎಲ್ಲ ತೆಗೆದು ಬೇರೆ ಹಾಕಬೇಕು.

ಆಹಾರದ ವಿಷಯದಲ್ಲಿ ನಮ್ಮವರು ಮೋಸಹೋಗುವುದು ನುಚ್ಚು, ತೌಡಿನಲ್ಲಿ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲದು. ಪುಕ್ಕದಲ್ಲಿರುವುದು ಬಹುಪಾಲು ಪ್ರೋಟೀನೇ. ಕೊರತೆಯಾದಾಗ ಕಿತ್ತ ಪುಕ್ಕವನ್ನು ನುಂಗುವುದೂ ಉಂಟು. ಗೂಡಿನ ನೆಲದಲ್ಲಿ ಉದುರಿದ ಪುಕ್ಕವೇ ಕಾಣದಿದ್ದರೆ ಇದನ್ನು ಅನುಮಾನಿಸಿ. ಹೊರಗೆ ಹುಳುಹುಪ್ಪಟೆ ಹೆಕ್ಕುವ ನಾಟಿ ಕೋಳಿ ಹೇಗೋ ಸರಿದೂಗಿಸಿಕೊಂಡೀತು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ಭಾರದ ತಳಿಗೆ ಬರೀ ನುಚ್ಚು ಸಾಕಾಗದು. ಮೊಟ್ಟೆಯಿಡುವ ಕೋಳಿಗಳಿಗೆ ಹತ್ತು ಕಿಲೋ ಮಿಶ್ರಣ ಹೀಗೆ: ಒಡೆದ ಮೆಕ್ಕೆಜೋಳ ಐದೂವರೆ ಕಿಲೋ, ತೌಡು 2.2 ಕಿಲೋ, ಸೋಯಾ ಹಿಂಡಿ 1.7 ಕಿಲೋ, ಒಣಮೀನಿನ ಪುಡಿ 400 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ. ಸುಮಾರು ಶೇ. 17 ಪ್ರೋಟೀನ್ ಸಿಗುತ್ತದೆ. ಒಣಮೀನಿನಲ್ಲೇ ಉಪ್ಪಿರುತ್ತದೆ, ಮೇಲೆ ಸೇರಿಸಬೇಡಿ. ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿರಲಿ. ಶೇಂಗಾ ಹಿಂಡಿ ಅಗ್ಗವೆಂದು ಮಳೆಗಾಲಕ್ಕೆ ದಾಸ್ತಾನು ಮಾಡಿದರೆ ಬೂಸಲಿನ ವಿಷವೇರುತ್ತದೆ. ಗುಳಿಗೆ ರೂಪದ ಆಹಾರದ ಬದಲು ಪುಡಿ ಆಹಾರವೇ ಮೇಲು, ತಿನ್ನಲು ಹೊತ್ತು ಹಿಡಿಯುತ್ತದೆ.

ಗಾಯವಾದ ಕೋಳಿಯನ್ನು ಬೇರೆ ಮಾಡಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ ತೊಳೆಯಿರಿ. ಒರೆಸಿ, ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ. ಕೆಂಪು ಮರೆಯಾಗುತ್ತದೆ, ಕಹಿಗೆ ಕೊಕ್ಕು ಹಿಂಜರಿಯುತ್ತದೆ, ನೊಣವೂ ದೂರ. ಆದರೂ ಮಳೆಗಾಲದಲ್ಲಿ ದಿನಕ್ಕೆರಡು ಸಲ ನೋಡಲೇಬೇಕು. ಹುಳ ಬಿದ್ದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಕುಕ್ಕುವ ಕೋಳಿಯನ್ನೂ ನಾಲ್ಕೈದು ದಿನ ಬುಟ್ಟಿ ಕವುಚಿ ಪ್ರತ್ಯೇಕವಿಡಿ, ನೀರು-ಆಹಾರ ಒಳಗೇ ಇರಲಿ. ಅಷ್ಟರಲ್ಲಿ ಅದರ ದರ್ಬಾರು ಇಳಿದಿರುತ್ತದೆ. ಗಾಯವಾದದ್ದನ್ನು ಮಾತ್ರ ಪುಕ್ಕ ಚಿಗುರಿ ಚರ್ಮ ಮುಚ್ಚುವ ತನಕ ಸೇರಿಸಬೇಡಿ. ಸೇರಿಸುವುದು ಕತ್ತಲಾದ ಮೇಲೆ, ಎಲ್ಲವೂ ಕೋಲು ಹತ್ತಿ ಕೂತಾಗ, ಸದ್ದಿಲ್ಲದೆ ನಡುವೆ ಕೂರಿಸಿ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೊಟ್ಟಿನಲ್ಲಿ ಭತ್ತ ಎರಚಿರಿ.