ಮಾಮನ ಗೋಡೆಗೆ ಜರ್ಮನಿಯ ಮೊಸಳೆ

ದಾವಣಗೆರೆಯಲ್ಲಿ ನನ್ನ ಸೋದರಮಾವ ಬೋರ್ಡ್ ಬರೆಯೋರು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ನಿಂತೇ ಹೋಯಿತು. ಈಗ ಶಾಲೆ, ಅಂಗನವಾಡಿ ಗೋಡೆಗಳೇ ಗತಿ. ಈ ಸಲ ಸರ್ಕಾರಿ ಶಾಲೆಯೊಂದರ ಹೆಡ್‌ಮಾಸ್ಟರು ಹಳೇ ಕಾಲದ ಪ್ರಾಣಿ ಬರೆಯಲು ಹೇಳಿದ್ದಾರೆ. "ಡೈನೋಸಾರ್ ಎಲ್ಲಾ ಶಾಲೇಲೂ ಐತೆ, ಬೇರೆ ಏನಾದ್ರೂ ಕಳಸಲೇ" ಅಂತ ಮಾಮ ವಾಟ್ಸಾಪ್ ಮಾಡಿದರು.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಭಾನುವಾರ ಬಂತೆಂದರೆ ಇಲ್ಲಿ ಅಂಗಡಿಗಳೆಲ್ಲ ಬಂದ್. ಹೋಗಲು ಉಳಿಯುವುದು ಪಾರ್ಕು, ಮ್ಯೂಸಿಯಂ. ಹಾಗಾಗಿ ದಿನವಿಡೀ ಸಾಫ್ಟ್‌ವೇರ್ ಬರೆಯುವ ನನಗೂ ಈ ಸೀಮೆಯ ಸಮುದ್ರ ಮೊಸಳೆಗಳ ಪರಿಚಯವಾಗಿದೆ. ಈಗ ಇಲ್ಲಿಂದ ಕಡಲು ನೋಡಲು ನೂರಾರು ಕಿಲೋಮೀಟರ್ ಹೋಗಬೇಕು, ಆದರೆ ಜುರಾಸಿಕ್ ಕಾಲದಲ್ಲಿ ಈ ಪ್ರದೇಶವೇ ಕಡಲಾಗಿತ್ತು. ಮಾಮನಿಗೆ ಕಳಿಸಿದ್ದು ನುಸ್‌ಪ್ಲಿಂಗೆನ್ ಊರಿನ ಸುಣ್ಣದಕಲ್ಲಿನಲ್ಲಿ ಸಿಕ್ಕ ಕ್ರಿಕೋಸಾರಸ್ ಸ್ವೇವಿಕಸ್‌ನ ಅಸ್ಥಿಪಂಜರದ ಫೋಟೊ. ಸುಮಾರು 15 ಕೋಟಿ ವರ್ಷ ಹಳೆಯದು, ಉದ್ದ ಹೆಚ್ಚುಕಡಿಮೆ ಎರಡು ಮೀಟರ್. ಮೊಸಳೆ ಅನ್ನುತ್ತೇವಾದರೂ ಇಂದಿನ ಮೊಸಳೆಗಳಿಗೆ ಇದು ಅಜ್ಜನಲ್ಲ, ದೂರದ ದಾಯಾದಿ. ಸಂತತಿ ಉಳಿಸದೆ ಅಳಿದುಹೋದ ಕವಲು.

ಮಾಮನ ಮೊದಲ ಉತ್ತರ: "ಬಾಲ ಮುರದೈತಲ್ಲಲೇ. ನೆಟ್ಟಗಿರೋದು ಕಳಸು."

ಇದೇ ಅನುಮಾನ ಒಂದು ಕಾಲಕ್ಕೆ ದೊಡ್ಡ ದೊಡ್ಡ ಪಂಡಿತರಿಗೂ ಇತ್ತು. ಸಮುದ್ರದ ಇನ್ನೊಂದು ಸರೀಸೃಪ ಇಕ್ತಿಯೋಸಾರ್‌ನ ಬಾಲವೂ ತುದಿಯಲ್ಲಿ ಹೀಗೇ ಕೆಳಕ್ಕೆ ಬಾಗಿರುತ್ತದೆ. ಸತ್ತ ಮೇಲೆ ಮುರಿದಿರಬೇಕು ಎಂದೇ ಹಲವರು ತಿಳಿದಿದ್ದರು. 1890ರ ದಶಕದಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಹೋಲ್ಟ್ಸ್‌ಮಾಡೆನ್‌ನಲ್ಲಿ ಬರ್ನ್‌ಹಾರ್ಡ್ ಹಾಫ್ ಎಂಬಾತ ಕರೀ ಪದರಗಲ್ಲನ್ನು ನಾಜೂಕಾಗಿ ಬಿಡಿಸಿದಾಗ, ಎಲುಬಿನ ಸುತ್ತ ಚರ್ಮದ ಅಚ್ಚೂ ಹಾಗೇ ಉಳಿದಿದ್ದು ಕಂಡಿತು. ಬಾಲದ ಈಜುರೆಕ್ಕೆ ಮೇಲೊಂದು ಕೆಳಗೊಂದು ಸೀಳಾಗಿತ್ತು, ಬಾಗಿದ ಎಲುಬು ಕೆಳಗಿನ ಸೀಳಿನೊಳಗೆ ಇಳಿದಿತ್ತು. ಮೇಲಿನ ಸೀಳಿನಲ್ಲಿ ಎಲುಬೇ ಇರಲಿಲ್ಲ. 1902ರಲ್ಲಿ ಸ್ಟುಟ್‌ಗಾರ್ಟ್‌ನ ಪಳೆಯುಳಿಕೆ ತಜ್ಞ ಎಬರ್‌ಹಾರ್ಡ್ ಫ್ರಾಸ್ ಸಮುದ್ರ ಮೊಸಳೆಗಳ ಬಗ್ಗೆ ಬರೆಯುವಾಗ ಅವಕ್ಕೂ ಇಂಥದೇ ಬಾಲ ಕೊಟ್ಟ. ಶಾರ್ಕಿನಲ್ಲಿ ಇದು ಉಲ್ಟಾ, ಬೆನ್ನೆಲುಬು ಮೇಲಿನ ಸೀಳಿಗೆ ಹತ್ತುತ್ತದೆ.

ಇಷ್ಟನ್ನೂ ವಾಯ್ಸ್ ಮೆಸೇಜಿನಲ್ಲಿ ಹೇಳಿದೆ. ಮಾಮ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಮೇಲಿಂದು ಎಷ್ಟುದ್ದ ಬರೀಲಿ?"

ಎಲುಬು ನೋಡಿ ಇದಕ್ಕೆ ಉತ್ತರ ಹೇಳಲಾಗದು, ಏಕೆಂದರೆ ಅಲ್ಲಿ ಎಲುಬೇ ಇಲ್ಲ. ನೆರವಿಗೆ ಬರುವುದು ಪಕ್ಕದ ಬವೇರಿಯಾ ರಾಜ್ಯದ ಜೋಲ್ನ್‌ಹೋಫನ್ ಕಡೆಯ ಕಲ್ಲುಗಳು. ಅಲ್ಲಿನ ಕೆಲವು ಅಪರೂಪದ ಪಳೆಯುಳಿಕೆಗಳಲ್ಲಿ ಮಾಂಸ, ಚರ್ಮದ ಗುರುತು ಉಳಿದಿದೆ. ಅವುಗಳ ಕುರಿತ 2021ರ ಒಂದು ಅಧ್ಯಯನ ಓದಿ ಫೋನ್ ಮಾಡಿದೆ. ಮಾಮನಿಗೆ ನಿರಾಸೆ ಕಾದಿತ್ತು. ಬಾಲದ ಆಕಾರವೇನೋ ಸಿಕ್ಕಿತು, ಆದರೆ ಚರ್ಮ ನುಣ್ಣಗೆ, ಹುರುಪೆ ಇಲ್ಲವೇ ಇಲ್ಲ! "ಮೊಸಳೆ ಅಂದ್ರೆ ಹುರುಪೇನೇ ಕಣಲೇ. ತುಂಗಭದ್ರೇಲಿ ನೋಡಿಲ್ಲೇನು ನೀನು, ಬೆನ್ನ ಮೇಲೆ ಸಾಲು ಸಾಲು? ಅದನ್ನ ಬರೆಯೋದ್ರಾಗೇ ಮಜಾ ಇರೋದು." ಹುರುಪೆಯೇ ಬೇಕಿದ್ದರೆ ಹೋಲ್ಟ್ಸ್‌ಮಾಡೆನ್‌ನ ಮ್ಯಾಕ್ರೋಸ್ಪಾಂಡಿಲಸ್ ಎಂಬ ಸಮುದ್ರ ಮೊಸಳೆ ಇದೆ, ಅದು 18 ಕೋಟಿ ವರ್ಷ ಹಿಂದಿನದು, ಬೆನ್ನು ಹೊಟ್ಟೆ ಎರಡಕ್ಕೂ ಎಲುಬಿನ ಕವಚ, ಬಾಲದಲ್ಲಿ ಈಜುರೆಕ್ಕೆ ಇಲ್ಲ ಅಂದೆ. ಕ್ರಿಕೋಸಾರಸ್‌ನ ಕವಲು ತೆರೆದ ಕಡಲಿಗೆ ಇಳಿದು ಆ ಕವಚವನ್ನೇ ಕಳಚಿಹಾಕಿತು, ಕಾಲುಗಳು ದೋಣಿಯ ಹುಟ್ಟಿನಂತಾದವು. ಸ್ವಲ್ಪ ಹೊತ್ತು ಸುಮ್ಮನಿದ್ದ ಮಾಮ ಬಾಲದ ಕಡೆಗೇ ವಾಲಿದರು.

ಉಳಿದದ್ದು ಬೇಗ ಮುಗಿಯಿತು. ಕಣ್ಣು ನಮ್ಮ ಮೊಸಳೆಯ ಹಾಗೆ ನೆತ್ತಿಯ ಮೇಲೆ ಬೇಡ, ತಲೆಯ ಪಕ್ಕದಲ್ಲಿ ಬರಬೇಕು. ಕಣ್ಣಿನೊಳಗೆ ಎಲುಬಿನ ಉಂಗುರವಿತ್ತು, ಇಂದಿನ ಮೊಸಳೆಗಳಿಗೆ ಅದಿಲ್ಲ. ಕಣ್ಣಿನ ಮುಂದೆ ಸ್ವಲ್ಪ ಉಬ್ಬು ಇದ್ದರೂ ನಡೆದೀತು: ಅರ್ಜೆಂಟೀನಾದಲ್ಲಿ ಸಿಕ್ಕ ಇದರ ಸೋದರಜಾತಿಯ ತಲೆಬುರುಡೆಗಳಲ್ಲಿ, ಆ ಜಾಗದಲ್ಲೇ ಮೈಯೊಳಗಿನ ಉಪ್ಪು ಹೊರಹಾಕುವ ಗ್ರಂಥಿಗಳ ಅಚ್ಚು ಕಲ್ಲಾಗಿ ಉಳಿದಿದೆ. ಪಕ್ಕದಲ್ಲಿ ಮೊಟ್ಟೆ ಬರೀಲಾ ಅಂದರು. ಸೊಂಟದ ಎಲುಬಿನ ದಾರಿ ಅಗಲವಾಗಿರುವುದರಿಂದ ಮರಿಯನ್ನೇ ಹಾಕುತ್ತಿದ್ದಿರಬಹುದು ಅನ್ನುವವರಿದ್ದಾರೆ, ಆದರೆ ಹೊಟ್ಟೆಯೊಳಗೆ ಮರಿ ಇರುವ ಪಳೆಯುಳಿಕೆ ಸಿಕ್ಕಿಲ್ಲ. ಎರಡೂ ಬೇಡ ಅಂದೆ.

"ನಮ್ಮ ಕಡೆ ಇರಲಿಲ್ವಾ ಇವು?" ಅಂತಲೂ ಕೇಳಿದರು. ಚಿತ್ರದುರ್ಗದ ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂತೆ ಬಂಡೆಗಳಿವೆ. ಕುದಿಯುವ ಲಾವಾ ನೀರೊಳಗೆ ಹೆಪ್ಪುಗಟ್ಟಿ ಆದದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂದರೆ ನಮ್ಮಲ್ಲೂ ಕಡಲಿತ್ತು. ಆದರೆ ಅದು ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಆಗ ಮೊಸಳೆ ಹಾಗಿರಲಿ, ಬೆನ್ನೆಲುಬಿರುವ ಒಂದು ಮೀನೂ ಹುಟ್ಟಿರಲಿಲ್ಲ. "ಬಸ್ಸಲ್ಲಿ ಎಷ್ಟು ಸಲ ಹೋಗೀವಿ ಆ ಕಡೆ, ಇಳಿದು ನೋಡ್ಲೇ ಇಲ್ಲ ನೋಡು" ಎಂದರು ಮಾಮ. ನಾನೂ ನೋಡಿಲ್ಲ. ಹೋಲ್ಟ್ಸ್‌ಮಾಡೆನ್‌ಗೆ ಟಿಕೆಟ್ ತೆಗೆದು ಹೋದವನು ನಾನು.

ಕೊನೆಗೆ ಜಗಳ ಬಂದಿದ್ದು ಬಣ್ಣಕ್ಕೆ. ಹೆಡ್‌ಮಾಸ್ಟರಿಗೆ ಹಸಿರೇ ಬೇಕಂತೆ, ಮೊಸಳೆ ಹಸಿರಿರುತ್ತೆ ಅಂತ. ಈ ಪ್ರಾಣಿಯ ಬಣ್ಣವನ್ನು ಎಲುಬು ಹೇಳುವುದಿಲ್ಲ. ಹೋಲ್ಟ್ಸ್‌ಮಾಡೆನ್‌ನ ಇಕ್ತಿಯೋಸಾರ್ ಒಂದರ ಚರ್ಮದಲ್ಲಿ ಮೇಲ್ಭಾಗ ಗಾಢ, ಹೊಟ್ಟೆ ತಿಳಿ ಇದ್ದದ್ದಕ್ಕೆ ಪುರಾವೆ ಸಿಕ್ಕಿತೆಂದು 2018ರಲ್ಲಿ ಪ್ರಕಟವಾಯಿತು. ಈಗಿನ ಕಡಲಿನಲ್ಲೂ ಎಷ್ಟೋ ಮೀನುಗಳು ಹಾಗೇ ಇವೆ, ಅದನ್ನೇ ಎರವಲು ತರಬಹುದು. ಗಾಢ ಹಸಿರೋ ಗಾಢ ಬೂದಿಯೋ ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿ ಇಲ್ಲ, ಹಾಗಾಗಿ ಹೆಡ್‌ಮಾಸ್ಟರ ಜೊತೆ ವಾದಕ್ಕೆ ಹೋಗಬೇಡಿ ಅಂದೆ. ಇಂಟರ್ನೆಟ್ಟಿನ ಚಿತ್ರಗಳಲ್ಲಿರುವಂತೆ ಬೆನ್ನ ಮೇಲೆ ಮುಳ್ಳು ಕೇಳಿದರೆ ಮಾತ್ರ ಒಪ್ಪಲೇಬೇಡಿ ಮಾಮ, ಹುರುಪೆಗೂ ಅಷ್ಟೇ.

"ಅದನ್ನ ನಾನು ನೋಡ್ಕತೀನಿ. ಮೇಲೆ ಹಸಿರು ಅವರಿಗೆ, ಹೊಟ್ಟೆ ಬಿಳಿ ನಿನಗೆ. ಪ್ರೈಮರ್ ಹೊಡದೀನಿ, ಬಾಲದ ಅಳತೆ ಇವತ್ತೇ ಕಳಸು."